ನಾನು ಕಟ್ಟಿದ ಕಾಲು

ರಮ್ಯಳ ಕಾಲು ಹಾಳು ಮಾಡಿದ್ದು ನಾನು. ಸುಂಟಿಕೊಪ್ಪದ ಪೇಟೆಯಲ್ಲಿ ಇದಕ್ಕೆ ಮೂರು ಥರದ ಕತೆ ಓಡಾಡುತ್ತಿವೆ. ದೃಷ್ಟಿ ತಾಗಿತು ಅನ್ನುವವರು ಉಂಟು, ಮೈದಾನದ ಗುಂಡಿ ಅನ್ನುವವರು ಉಂಟು, ಹುಡುಗಿಯರಿಗೆ ಫುಟ್‌ಬಾಲ್ ಯಾಕೆ ಬೇಕಿತ್ತು ಅಂತ ಕೇಳುವ ಗಂಡಸರಂತೂ ಪ್ರತಿ ಅಂಗಡಿ ಮುಂದೆ ಇಬ್ಬರು ಇದ್ದೇ ಇದ್ದಾರೆ. ಅದೆಲ್ಲ ಸುಳ್ಳು. ನನ್ನ ಎರಡು ಕೈ, ಎರಡು ಮೊಟ್ಟೆಯ ಬಿಳಿ, ಒಂದು ಹಿಡಿ ಉದ್ದಿನ ಹಿಟ್ಟು, ಹಳೇ ಪಂಚೆ ಹರಿದು ಮಾಡಿದ ಪಟ್ಟಿ. ಆದದ್ದು ಇಷ್ಟರಿಂದ.

ಇದೆಲ್ಲ ಮತ್ತೆ ನೆನಪಾದದ್ದು ಮೊನ್ನೆ ಕುಶಾಲನಗರದ ಬಸ್ಸಿನಲ್ಲಿ. ನನಗೊಂದು ಕೆಟ್ಟ ಅಭ್ಯಾಸ, ಜನರ ಮುಖಕ್ಕಿಂತ ಮೊದಲು ಕಾಲು ನೋಡುತ್ತೇನೆ. ಎದುರು ಸೀಟಿನ ಹೆಂಗಸಿನ ಬಲಗಾಲಿನ ಗಿಣ್ಣು ಊದಿಕೊಂಡಿತ್ತು. ನೋಡಿದೆ, ನೋಡುತ್ತಲೇ ಇದ್ದೆ. “ಏನಜ್ಜಿ, ನನ್ನ ಚಪ್ಪಲಿ ಮೇಲೆ ಕಣ್ಣು ಬಿತ್ತಾ?” ಅಂದಳು. ಬಸ್ಸಿನವರೆಲ್ಲ ನಕ್ಕರು. ಮೊದಲಾಗಿದ್ದರೆ “ಬಾ ಇಲ್ಲಿ, ಕಾಲು ಕೊಡು” ಅಂತ ಅಲ್ಲೇ ಮಡಿಲಿಗೆ ಎಳೆದುಕೊಳ್ಳುತ್ತಿದ್ದೆ. ಈ ಸಲ ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು ಕಿಟಕಿ ಕಡೆ ತಿರುಗಿದೆ.

ನಾನು ಹುಟ್ಟಿದ್ದು ಗಾಳಿಬೀಡಿನಲ್ಲಿ, ಕಾಲು ಮುಂದಾಗಿ. ತಲೆ ಬರಬೇಕಾದ ಕಡೆ ಕಾಲು ಬಂತು. ನಮ್ಮ ಅವ್ವ ಅದರಲ್ಲೇ ಹೋಗಬೇಕಿತ್ತು, ಹೋಗಲಿಲ್ಲ. ಹೀಗೆ ಹುಟ್ಟಿದವರ ಪಾದ ತಾಗಿದರೆ ಸೊಂಟದ ಉಳುಕು ಬಿಡುತ್ತದೆ ಅಂತ ನಮ್ಮ ಕಡೆ ನಂಬಿಕೆ. ನನಗೆ ನಡೆಯಲು ಬರುವ ಮೊದಲೇ ನನ್ನನ್ನು ಎತ್ತಿಕೊಂಡು ಹೋಗಿ ಊರ ಹಿರಿಯರ ಬೆನ್ನಿನ ಮೇಲೆ ನಿಲ್ಲಿಸುತ್ತಿದ್ದರಂತೆ. ದೊಡ್ಡವಳಾದ ಮೇಲೆ ಎಡಗಾಲಿನಿಂದ ಮೂರು ಸಲ ಒದೆಯಬೇಕಿತ್ತು. ದೊಡ್ಡವರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಅಂತ ಬೇರೆ ಮಕ್ಕಳಿಗೆ ಕಲಿಸುವ ಹೊತ್ತಿನಲ್ಲಿ ನಾನು ಸೋದರಮಾವನನ್ನು ಒದ್ದು ಬೆಲ್ಲ ಇಸಕೊಂಡು ಬರುತ್ತಿದ್ದೆ. ಶಾಲೆಯ ಹೆಡ್‌ಮಾಸ್ತರರೂ ಒಂದು ದಿನ ಬೆಂಚಿನ ಮೇಲೆ ಬೋರಲು ಮಲಗಿ “ಒದಿ ಮಗೂ” ಅಂದರು. ಲೆಕ್ಕ ತಪ್ಪಿದಾಗ ಅವರು ಹೊಡೆದದ್ದೆಲ್ಲ ನೆನಪಿತ್ತು, ಸ್ವಲ್ಪ ಜೋರಾಗಿಯೇ ಒದ್ದೆ. ಮರುದಿನ ನೆಟ್ಟಗೆ ನಡೆದುಕೊಂಡು ಬಂದರು. ನನ್ನ ಹೆಸರು ಮಡಿಕೇರಿಯವರೆಗೂ ಹೋಯಿತು. ನಾಲ್ಕನೇ ಕ್ಲಾಸಿಗೆ ಶಾಲೆ ನಿಂತಿತು. ಒದೆಯುವವಳಿಗೆ ಓದು ಯಾಕೆ ಅಂದುಬಿಟ್ಟರು.

ಒದೆಯುವುದರ ಜೊತೆ ಕಟ್ಟುವುದು ಕಲಿಸಿದ್ದು ನಮ್ಮಪ್ಪ. ಅವರು ದನದ ಕಾಲು, ಜನದ ಕಾಲು ಎರಡಕ್ಕೂ ಒಂದೇ ಥರ ಕಟ್ಟುತ್ತಿದ್ದರು. ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿ, ಬಟ್ಟೆಗೆ ಬಳಿದು, ಸುತ್ತಿಬಿಟ್ಟರೆ ಒಣಗಿ ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ದುಡ್ಡು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಕೈಗುಣ ಹೋಗುತ್ತದೆ. ಎಲೆ ಅಡಿಕೆ ಇಟ್ಟು ಹೋಗಬೇಕು. ಮದುವೆಯಾಗಿ ಸುಂಟಿಕೊಪ್ಪಕ್ಕೆ ಬಂದ ಮೇಲೂ ಅದೇ ಕೆಲಸ. ನನ್ನ ಗಂಡ ಎಸ್ಟೇಟಿನ ಜೀಪು ಓಡಿಸುತ್ತಿದ್ದರು, ನಾನು ಕಾಫಿ ಪಿಕ್ಕಿಂಗಿಗೆ ಹೋಗುತ್ತಿದ್ದೆ. ಇಳಿಜಾರಿನಲ್ಲಿ ಜಾರಿದವರು, ಕಾಳುಮೆಣಸು ಕುಯ್ಯುವ ಏಣಿಯಿಂದ ಬಿದ್ದವರು, ಎಲ್ಲರೂ ನನ್ನ ಹತ್ತಿರವೇ. ಎಸ್ಟೇಟಿನ ರೈಟರು ಹಾಜರಿ ಪುಸ್ತಕ ಮುಚ್ಚಿಟ್ಟು ತಾವೇ ಕುಂಟುತ್ತ ಬಂದದ್ದಿದೆ. ಜಂಬ ಇತ್ತು ನನಗೆ. ಇಲ್ಲ ಅನ್ನುವುದಿಲ್ಲ.

ನನ್ನ ಮಗ ಗಿರೀಶ ತಲೆ ಮುಂದಾಗಿಯೇ ಹುಟ್ಟಿದ. ಆದರೂ ಒದೆಯುವುದು ಅವನಿಗೆ ಬಂತು. ಮೊದಲು ಚಕೋತದ ಕಾಯಿ, ಆಮೇಲೆ ಚೆಂಡು. ಕಾಫಿ ಒಣಗಿಸುವ ಕಣದಲ್ಲಿ ಆಡುತ್ತ ನಾನು ಹರಡಿದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನೆಲ್ಲ ಚೆಲ್ಲಿ ಅಪ್ಪನಿಂದ ಏಟು ತಿಂದವನು. ಕಾಲೇಜು ಮುಗಿಯುವುದರೊಳಗೆ ಗೋವಾದ ಒಂದು ಕ್ಲಬ್ಬಿನವರು ಬಂದು ಕರೆದುಕೊಂಡು ಹೋದರು. ಆಡುವುದಕ್ಕೆ ಸಂಬಳ ಕೊಡುತ್ತಾರೆ ಅಂದರೆ ನನ್ನ ಗಂಡ ನಂಬಲಿಲ್ಲ. “ಬೇರೆ ಏನೋ ಕೆಲಸ ಮಾಡಿಸ್ತಾರೆ, ನಿನಗೆ ಹೇಳ್ತಾ ಇಲ್ಲ” ಅಂದರು.

ಟಿವಿಯಲ್ಲಿ ಅವನ ಮ್ಯಾಚು ಬಂದ ದಿನ ನಮ್ಮ ಮನೆಯಲ್ಲಿ ಜಾತ್ರೆ. ನಾನು ಮಾತ್ರ ಒಂದು ಮ್ಯಾಚನ್ನೂ ನೋಡಿಲ್ಲ. ಹೊರಗೆ ಕಣದಲ್ಲಿ ಹಲಗೆಯಿಂದ ಕಾಫಿ ಎಳೆದು ಹರಡುತ್ತ ಇರುತ್ತಿದ್ದೆ. ಒಳಗೆ ಎಲ್ಲರೂ ‘ಓ’ ಅಂದರೆ ನನ್ನ ಕೈಯ ಹಲಗೆ ನಿಲ್ಲುತ್ತಿತ್ತು. ಗೋಲಿನ ಓ ಬೇರೆ, ಬಿದ್ದ ಓ ಬೇರೆ. ಗೋಡೆಯಾಚೆಯಿಂದ ಕೇಳಿಸಿಕೊಂಡರೆ ಎರಡೂ ಒಂದೇ ಥರ ಇರುತ್ತವೆ, ನಿಮಗೆ ಗೊತ್ತಾ? ಯಾರಾದರೂ ಬಾಗಿಲಿಗೆ ಬಂದು ನಗುವವರೆಗೂ ಹಲಗೆ ಮತ್ತೆ ಆಡುತ್ತಿರಲಿಲ್ಲ. ಬೇರೆಯವರ ಕಾಲು ಹಿಡಿದು ಗಿಣ್ಣು ತಿರುಗಿಸುವ ಹೆಂಗಸು ಮಗನ ಕಾಲಿನ ವಿಷಯಕ್ಕೆ ಹೀಗೆ. ನನ್ನ ಗಂಡ “ನೀನೊಬ್ಬಳು ಪುಕ್ಕಲಿ” ಅನ್ನುತ್ತಿದ್ದರು. ಪುಕ್ಕಲಿಯೇ.

ಒಂದು ಪುತ್ತರಿ ಹಬ್ಬಕ್ಕೆ ಊರಿಗೆ ಬಂದಾಗ ಅವನ ಬಲ ಮೊಣಕಾಲು ಸ್ವಲ್ಪ ಊದಿತ್ತು. “ಎಂಥ ಇದು?” ಅಂದೆ. “ಏನಿಲ್ಲ ಅವ್ವ, ಆಟದಲ್ಲಿ ಇದ್ದದ್ದೇ” ಅಂದ. ಮೂರು ದಿನ ಎಣ್ಣೆ ಹಾಕಿ ತಿಕ್ಕಿದೆ, ಎಳೆದೆ, ಕಟ್ಟಿದೆ. ನಾಲ್ಕನೇ ದಿನ ಹೊರಡುವಾಗ ಅಂಗಳದಲ್ಲಿ ಎರಡು ಸಲ ಕುಣಿದು ತೋರಿಸಿ, “ನೋಡು, ಹೊಸ ಕಾಲು” ಅಂದ. ಅದಾದ ಮುಂದಿನ ಮ್ಯಾಚಿನಲ್ಲಿ, ಯಾರೂ ತಾಗದೆ, ಬರೀ ತಿರುಗುವಾಗ ಮೊಣಕಾಲು ಕಳಚಿಕೊಂಡಿತು. ನಾನು ಕಣದಲ್ಲಿದ್ದೆ. ಆ ಸಲದ ‘ಓ’ ಕೇಳಿ ಯಾರೂ ಬಾಗಿಲಿಗೆ ಬರಲಿಲ್ಲ.

ಆಪರೇಷನ್ ಆಯಿತು, ಇನ್ನೊಂದೂ ಆಯಿತು. ಇಪ್ಪತ್ತೊಂಬತ್ತಕ್ಕೆ ಆಟ ಮುಗಿಯಿತು. ಊರಿಗೆ ಬಂದ. ಮಡಿಕೇರಿಯ ಒಂದು ಕಾಲೇಜಿನಲ್ಲಿ ಕೋಚ್ ಅಂತ ಸೇರಿಸಿಕೊಂಡರು. ಖಾಯಂ ಅಲ್ಲ, ವರ್ಷ ವರ್ಷಕ್ಕೆ ಕಾಗದ ಹೊಸದಾಗಬೇಕು. ಹನ್ನೊಂದು ವರ್ಷದಿಂದ ಹೊಸದಾಗುತ್ತಲೇ ಇತ್ತು.

ಸಂಬಳಕ್ಕೆ ಆಡಿ ಬಂದವನಾದರೂ ಕೋಚ್ ಆಗಿ ಅವನು ಮಾಡಿದ ಮೊದಲ ಕೆಲಸ ಆಟವನ್ನು ಕಮ್ಮಿ ಮಾಡಿದ್ದು. ದಿನಕ್ಕೆ ನಾಲ್ಕು ಗಂಟೆ ಓಡಿಸುತ್ತಿದ್ದದ್ದನ್ನು ಎರಡಕ್ಕೆ ಇಳಿಸಿದ. ಯಾರಿಗೆ ಎಲ್ಲಿ ನೋವು ಅಂತ ದಿನಾ ಬರೆಸಿಕೊಳ್ಳುವ ಒಂದು ಪುಸ್ತಕ ಇಟ್ಟ. ಒಂದು ಥರ್ಮೋಕೋಲ್ ಡಬ್ಬಿಯಲ್ಲಿ ಐಸು ತುಂಬಿಕೊಂಡು ಹೆಗಲಿಗೆ ಹಾಕಿಕೊಂಡು ಬೆಳಿಗ್ಗೆ ಬಸ್ಸು ಹತ್ತುತ್ತಿದ್ದ. ಕಂಡಕ್ಟರು ದಿನಾ ಕೇಳುತ್ತಿದ್ದ: “ಇವತ್ತು ಬಂಗುಡೆಯಾ, ಮತ್ತಿಯಾ ಸಾರ್?” ಇವನು “ಇವತ್ತು ಬರೀ ಐಸು, ಮೀನು ಮೈದಾನದಲ್ಲಿ ಸಿಗುತ್ತೆ” ಅನ್ನುತ್ತಿದ್ದ. ಹುಡುಗಿಯರ ಟೀಮು ಮಾಡಿದ. ಮೊದಲ ವರ್ಷ ಹನ್ನೊಂದು ಜನ ಸೇರಲಿಲ್ಲ, ಏಳು ಜನರೇ ಆಡಿದರು. ಈಗ ಎರಡು ಟೀಮಿಗೆ ಆಗುವಷ್ಟು ಇದ್ದಾರೆ. ಅವನು ಕಿರುಚುವುದಿಲ್ಲ, ಬೈಯುವುದಿಲ್ಲ. ಯಾರಾದರೂ ಬಿದ್ದರೆ ಮಾತ್ರ ಅವನ ಕೈ ತನ್ನ ಮೊಣಕಾಲಿಗೆ ಹೋಗುತ್ತದೆ. ನಾನು ಒಂದು ಸಲ ನೋಡಿದೆ, ಆಮೇಲೆ ಮೈದಾನಕ್ಕೆ ಹೋಗಲಿಲ್ಲ.

ಅವನು ಒಂದು ಕಾನೂನು ಮಾಡಿದ್ದ. ಅದು ಇಡೀ ಕಾಲೇಜಿಗೆ ಗೊತ್ತು. “ನೋವಾದರೆ ಐಸು, ಊದಿದರೆ ಎಕ್ಸ್‌ರೇ. ನಮ್ಮ ಅವ್ವನ ಹತ್ತಿರ ಹೋದವರು ಟೀಮಿನಲ್ಲಿ ಇರುವ ಹಾಗಿಲ್ಲ.” ಇದನ್ನು ನನಗೆ ಹೇಳಿದ್ದು ಅವನಲ್ಲ, ನನ್ನ ಸೊಸೆ ಮಮತ. ಹೇಳಿ ಒಲೆ ಕಡೆ ತಿರುಗಿಬಿಟ್ಟಳು. ಊರಿಗೆಲ್ಲ ಕಟ್ಟಿದವಳ ಕೈ ಸ್ವಂತ ಮಗನ ಮಕ್ಕಳಂಥ ಆಟಗಾರರಿಗೆ ಬೇಡವಾಯಿತು. ಅವಮಾನ ಆಯಿತು ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ಆದರೆ ಒಳಗಿದ್ದದ್ದು ಅವಮಾನ ಅಲ್ಲ, ಹೆದರಿಕೆ. ಅವನ ಮೊಣಕಾಲು ಹೋದದ್ದು ನನ್ನ ಕೈಯಿಂದ ಅಂತ ಅವನಿಗೆ ಅನಿಸಿದೆಯೋ ಏನೋ. ಕೇಳಬಹುದಿತ್ತು. ಕೇಳಿದರೆ ಹೇಳಿಬಿಡುತ್ತಾನೆ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಅನ್ನ ಬಡಿಸಿದೆ, ಕೇಳಲಿಲ್ಲ.

ಆ ಭಾನುವಾರ ಅವನು ಹುಡುಗರ ಟೀಮು ಕಟ್ಟಿಕೊಂಡು ಬೆಳಿಗ್ಗೆಯೇ ಶ್ರೀಮಂಗಲಕ್ಕೆ ಹೋಗಿದ್ದ, ಯಾವುದೋ ಸ್ನೇಹದ ಮ್ಯಾಚು. ಮಮತ ತವರಿಗೆ ಹೋಗಿದ್ದಳು. ಹತ್ತು ಗಂಟೆಗೆ ಗೇಟಿನ ಹತ್ತಿರ ಒಂದು ಹುಡುಗಿ ನಿಂತಿದ್ದಳು. ಒಳಗೆ ಬರುವುದಿಲ್ಲ, ಹೋಗುವುದೂ ಇಲ್ಲ. ಕಾಲು ನೋಡಿದೆ. ಎಡಗಾಲು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ.

ಅವಳೇ ರಮ್ಯ. ನಮ್ಮ ಪಕ್ಕದ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿರುವ ಸೆಲ್ವಿಯ ಮಗಳು. ಸೆಲ್ವಿ ನನ್ನ ಜೊತೆ ಒಂದೇ ಸಾಲಿನಲ್ಲಿ ಕಾಫಿ ಕುಯ್ದವಳು. ಅವಳ ಗಂಡ ಏಣಿಯಿಂದ ಬಿದ್ದಾಗ ಮಣಿಕಟ್ಟು ಕೂರಿಸಿದ್ದು ನಾನು. ಗಿರೀಶನ ಟೀಮಿನಲ್ಲಿ ರಮ್ಯಳಷ್ಟು ಚೆನ್ನಾಗಿ ಆಡುವವರು ಇಲ್ಲ ಅಂತ ಅವನೇ ಊಟಕ್ಕೆ ಕೂತಾಗ ಹೇಳುತ್ತಿದ್ದ.

“ಅಜ್ಜಿ, ಸಾರ್‌ಗೆ ಹೇಳಬಾರದು” ಅಂದಳು.

“ಎಂಥದ್ದನ್ನ?”

“ನಾನು ಬಂದದ್ದನ್ನ. ನಿನ್ನೆ ಪ್ರಾಕ್ಟೀಸಲ್ಲಿ ಏಟು ಬಿತ್ತು. ಗುರುವಾರ ರಾಜ್ಯದ ಟೀಮಿಗೆ ಸೆಲೆಕ್ಷನ್. ಸಾರ್‌ಗೆ ಗೊತ್ತಾದ್ರೆ ಎಕ್ಸ್‌ರೇ ಅಂತಾರೆ. ಎಕ್ಸ್‌ರೇ ಅಂದ್ರೆ ಆರು ವಾರ ಅಂತಾರೆ.”

“ನೋವು ಎಷ್ಟುಂಟು?”

“ನೋವೇ ಇಲ್ಲ ಅಜ್ಜಿ.”

“ನೋವಿಲ್ಲದವಳು ಮುಳ್ಳು ತುಳಿದ ಮೇಕೆ ಥರ ಯಾಕೆ ನಡೀತಿ? ಕೂತ್ಕೋ.”

ಕೂತಳು. ಕಣಕಾಲಿನ ಮೇಲೆ ಹೆಬ್ಬೆರಳು ಆಡಿಸಿದೆ. ಈಗ ಹೇಳುವುದನ್ನು ಸರಿಯಾಗಿ ಕೇಳಿ, ಯಾಕೆಂದರೆ ಇದನ್ನು ನಾನು ಎರಡು ದಿನ ಯಾರಿಗೂ ಹೇಳಿರಲಿಲ್ಲ. ಉಳುಕಿನ ನೋವು ಅಗಲ ಇರುತ್ತದೆ, ಹಿಟ್ಟಿನ ಥರ ಮೆತ್ತಗೆ ಹರಡಿರುತ್ತದೆ. ಮೂಳೆ ಸೀಳು ಬಿಟ್ಟಿದ್ದರೆ ಒಂದೇ ಜಾಗ, ಸೂಜಿಯ ಮೊನೆಯಷ್ಟು. ಆ ಜಾಗಕ್ಕೆ ನನ್ನ ಬೆರಳು ಹೋದಾಗ ಹುಡುಗಿ ತುಟಿ ಕಚ್ಚಿದಳು. ನನ್ನ ಹೆಬ್ಬೆರಳಿಗೆ ಗೊತ್ತಾಯಿತು. ಆದರೂ ಎಣ್ಣೆ ಹಚ್ಚಿ ತಿಕ್ಕಿದೆ.

ಯಾಕೆ ಅಂತ ಕೇಳಿದರೆ ಉತ್ತರ ಚೆನ್ನಾಗಿಲ್ಲ. ಹನ್ನೊಂದು ವರ್ಷದಲ್ಲಿ ಕಾಲೇಜಿನಿಂದ ನನ್ನ ಹತ್ತಿರ ಬಂದ ಮೊದಲನೆಯ ಕಾಲು ಅದು. ಅದೂ ಅವನ ಅತಿ ಒಳ್ಳೆಯ ಆಟಗಾರ್ತಿಯ ಕಾಲು. ಗುರುವಾರ ಅವಳು ಆಡಿ ಗೆದ್ದು ಬಂದ ಮೇಲೆ, ಒಂದು ದಿನ ಊಟಕ್ಕೆ ಬಡಿಸುವಾಗ, ಹಗುರಾಗಿ, “ಆ ಕಾಲು ಕಟ್ಟಿದ್ದು ಯಾರು ಗೊತ್ತಾ?” ಅನ್ನಬಹುದಲ್ಲ. ಆ ಮಾತನ್ನು ಹೇಗೆ ಹೇಳಬೇಕು ಅಂತ ಮೊಟ್ಟೆ ಒಡೆಯುವಾಗಲೇ ಯೋಚನೆ ಮಾಡಿದ್ದೆ. ಓಡುವ ಕಾಲು, ಗಟ್ಟಿ ಇರಲಿ ಅಂತ ಒಂದು ಸುತ್ತು ಜಾಸ್ತಿಯೇ ಸುತ್ತಿದೆ.

ಹುಡುಗಿ ಎಲೆ ಅಡಿಕೆ ತಂದಿರಲಿಲ್ಲ. ಬ್ಯಾಗಿನಿಂದ ಎರಡು ಚಾಕಲೇಟು ತೆಗೆದಿಟ್ಟಳು. “ಇದು ನಡಿಯುತ್ತಾ ಅಜ್ಜಿ?” ಅಂದಳು. ನಡೆಯುತ್ತೆ ಅಂದೆ.

ಮಧ್ಯಾಹ್ನ ಊಟ ಮಾಡಿ ಪಾತ್ರೆ ತೊಳೆಯಲು ಕೂತೆ. ಹಿಟ್ಟು ಕಲಸಿದ ಬಟ್ಟಲಿನ ತಳದಲ್ಲಿ ಉಳಿದದ್ದು ಒಣಗಿತ್ತು. ಉಗುರಿನಿಂದ ಕೆರೆದೆ, ಬರಲಿಲ್ಲ. ಚಮಚದಿಂದ ಹೊಡೆದೆ, ಠಣ್ ಅಂತು. ಆವಾಗ ನಮ್ಮಪ್ಪನ ನೆನಪಾಯಿತು. ಅವರು ಕಟ್ಟಿದ ಮೇಲೆ ಒಂದು ಗಂಟೆ ಅಲ್ಲೇ ಕೂರುತ್ತಿದ್ದರು. ಕಾಲಿನ ಉಗುರು ಒತ್ತಿ ಬಿಡುವುದು, ಬೆಳ್ಳಗಾದದ್ದು ಕೆಂಪಾಗುತ್ತದೋ ನೋಡುವುದು. ಆಗದಿದ್ದರೆ ಕತ್ತರಿ. ನಾನು ಹುಡುಗಿಯನ್ನು ಕೂರಿಸಲಿಲ್ಲ, ಉಗುರು ನೋಡು ಅಂತ ಹೇಳಲಿಲ್ಲ. ಯಾರಾದರೂ ನೋಡಿಯಾರು ಅಂತ ಹಿಂದಿನ ಬಾಗಿಲಿನಿಂದ ಕಳಿಸಿಬಿಟ್ಟಿದ್ದೆ.

ಲೈನ್ ಮನೆಗೆ ನಡೆದರೆ ಮುಕ್ಕಾಲು ಗಂಟೆ. ಎದ್ದು ಚಪ್ಪಲಿ ಹಾಕಿದೆ. ಹೋಗಿ ಏನು ಹೇಳುವುದು? ಸೆಲ್ವಿಗೆ ಗೊತ್ತಾಗುತ್ತದೆ, ಸೆಲ್ವಿ ಗಿರೀಶನಿಗೆ ಹೇಳುತ್ತಾಳೆ. ಚಪ್ಪಲಿ ಬಿಚ್ಚಿದೆ. ಮತ್ತೆ ಹಾಕಿದೆ. ಏನಾಗುತ್ತೆ, ಎಷ್ಟು ಜನಕ್ಕೆ ಕಟ್ಟಿಲ್ಲ ನಾನು ಅಂದುಕೊಂಡು ಮತ್ತೆ ಬಿಚ್ಚಿದೆ. ಇದನ್ನೇ ಮಾಡುತ್ತ ನಾಲ್ಕು ಗಂಟೆಯವರೆಗೆ ಜಗಲಿಯಲ್ಲಿ ಇದ್ದೆ. ನಗು ಬಂದರೆ ನಗಿ.

ಐದಕ್ಕೆ ಗಿರೀಶನ ಫೋನು.

“ಅವ್ವ, ರಮ್ಯಳ ಕಾಲು ಮುಟ್ಟಿದ್ಯಾ?”

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

“ಸರಿ” ಅಂದ. ಇಟ್ಟುಬಿಟ್ಟ.

ಆಮೇಲೆ ತಿಳಿದದ್ದು ಇಷ್ಟು. ಹುಡುಗಿ ಮನೆಗೆ ಹೋಗಿ, ಬೆಳಿಗ್ಗೆ ಟೀಮು ಹೊರಡುವ ಮೊದಲು ಕಾಲೇಜಿನಲ್ಲಿ ಕಟ್ಟಿದರು ಅಂತ ಅಮ್ಮನಿಗೆ ಹೇಳಿದ್ದಳು. ಮೂರು ಗಂಟೆಗೆ ಪಾದ ತಣ್ಣಗಾಗಿ ನೀಲಿ ತಿರುಗಿತು, ಬೆರಳು ಸತ್ತ ಹಾಗಾಯಿತು. ಸೆಲ್ವಿ ಕೋಚಿಗೆ ಫೋನು ಮಾಡಿದಳು. ಅವನು ಶ್ರೀಮಂಗಲದಿಂದ ಬರುತ್ತಿದ್ದ ವ್ಯಾನನ್ನು ನೆಟ್ಟಗೆ ಲೈನಿಗೆ ಬಿಡಿಸಿ, ಕಟ್ಟು ಕತ್ತರಿಸಿ, ಹುಡುಗಿಯನ್ನು ಎತ್ತಿಕೊಂಡು ಮಡಿಕೇರಿಯ ಆಸ್ಪತ್ರೆಗೆ ಹಾಕಿದ. ಉದ್ದಿನ ಹಿಟ್ಟು ನೋಡಿದಾಗಲೇ ಅವನಿಗೆ ಗೊತ್ತಾಗಿತ್ತು. ಮೂಳೆ ಸೀಳಿತ್ತು, ಒಳಗೆ ಊದಲು ಜಾಗ ಇಲ್ಲದೆ ರಕ್ತ ನಿಂತಿತ್ತು. ಒಳಗಿನ ಒತ್ತಡ ಇಳಿಯಲಿ ಅಂತ ಕಾಲಿನ ಪಕ್ಕ ಉದ್ದಕ್ಕೆ ಕೊಯ್ದು ಬಿಟ್ಟರು. ಎರಡು ದಿನ ನೋಡೋಣ, ಉಳಿದರೆ ಉಳಿಯಿತು ಅಂದರಂತೆ ಡಾಕ್ಟರು.

ಸೋಮವಾರ ನಾನು ಆಸ್ಪತ್ರೆಗೆ ಹೋದೆ. ಹೋಗದಿದ್ದರೆ ಜನ ಏನಂದಾರು ಅಂತ ಹೋದದ್ದು, ಧೈರ್ಯದಿಂದ ಅಲ್ಲ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಸೆಲ್ವಿ ಕೂತಿದ್ದಳು. ನನ್ನನ್ನು ನೋಡಿದ ಕೂಡಲೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

“ಅಮ್ಮಾ, ನೋಡಿದ್ರಾ ನನ್ನ ಮಗು ಕಾಲು? ನಿಮ್ಮ ಹತ್ರ ಬಂದಿದ್ರೆ ಹೀಗಾಗ್ತಿತ್ತಾ? ನಮ್ಮ ಮನೆಯವರ ಕೈ ಕಟ್ಟಿದ್ರಲ್ಲ, ಇವತ್ತಿಗೂ ಮೂಟೆ ಎತ್ತುತ್ತಾರೆ. ನಿಮ್ಮ ಮಗನಿಗೆ ಯಾಕಮ್ಮ ಬೇಕಿತ್ತು ಈ ಕೆಲಸ? ನೀವು ಕಟ್ಟೋದು ನೋಡಿ ನೋಡಿ ತಾನೂ ಕಟ್ಟಕ್ಕೆ ಹೋದ್ರಾ?”

“ಅವನೇ ಕಟ್ಟಿದ್ದು ಅಂದನಾ?”

“ಕೇಳಿದೆ ಸಾರನ್ನ. ಹೌದು ಅಂದ್ರು. ಎದುರಿಗೇ ನಿಂತು ಹೌದು ಅಂದ್ರಮ್ಮ. ನಾನು ಬಾಯಿಗೆ ಬಂದ ಹಾಗೆ ಬೈದೆ. ತಲೆ ತಗ್ಗಿಸಿಕೊಂಡು ಕೇಳಿದ್ರು.”

ಅವಳು ನನ್ನ ಕೈಗಳನ್ನು ಬಿಡಲಿಲ್ಲ. ಒಂದು ಗಂಟೆ ಹಾಗೇ ಹಿಡಿದುಕೊಂಡು ಅತ್ತಳು. ಆ ಹುಡುಗಿಯ ಕಾಲು ಬಿಗಿದ ಕೈಗಳು ಅವೇ. ಸುಟ್ಟ ಹಾಗಾಗುತ್ತಿತ್ತು, ಎಳೆದುಕೊಳ್ಳಲೂ ಹೆದರಿಕೆ. ಬಾಯಿ ತೆರೆದೆ ಒಂದು ಸಲ. “ಕಾಫಿ ಕುಡಿದ್ಯಾ?” ಅಂತ ಕೇಳಿದೆ. ಅಷ್ಟೇ ಬಂತು ನನಗೆ.

ಸಂಜೆ ಗಿರೀಶ ಮನೆಗೆ ಬಂದ. ಪ್ರಿನ್ಸಿಪಾಲರು ಕರೆಸಿ, ವಿಚಾರಣೆ ಮುಗಿಯುವವರೆಗೆ ಕಾಲೇಜಿಗೆ ಬರುವುದು ಬೇಡ ಅಂದಿದ್ದರು. ಈ ವರ್ಷದ ಕಾಗದ ಹೊಸದಾಗುವ ತಿಂಗಳು ಅದು. ಥರ್ಮೋಕೋಲ್ ಡಬ್ಬಿಯನ್ನು ದನದ ಹಟ್ಟಿಯಲ್ಲಿ ಇಟ್ಟು ಬಂದು ಅಡುಗೆಮನೆಯಲ್ಲಿ ಕೂತ. ಮನೆಯಲ್ಲಿ ನಾವು ಆಡುವುದು ಅರೆಭಾಷೆ, ನಿಮಗೆ ಸುಲಭ ಆಗಲಿ ಅಂತ ಇಲ್ಲಿ ಬೇರೆ ಥರ ಹೇಳುತ್ತಿದ್ದೇನೆ. ಮಾತಿನ ಬಿಸಿ ಅದೇ.

“ನೀನು ಯಾಕೆ ಹೌದು ಅಂದೆ?” ಅಂದೆ.

“ಇನ್ನೆಂಥ ಅನ್ನಲಿ? ಎಪ್ಪತ್ತು ವರ್ಷದ ಮುದುಕಿ ಮೇಲೆ ಪೊಲೀಸರನ್ನ ಕಳಿಸಲಾ?”

“ಹುಡುಗಿಗೆ ಗೊತ್ತಲ್ಲ.”

“ಅವಳು ಹೆದರಿ ಬಾಯಿ ಹೊಲಿದುಕೊಂಡಿದ್ದಾಳೆ. ನಿನ್ನ ಹತ್ರ ಹೋದದ್ದು ಗೊತ್ತಾದ್ರೆ ಟೀಮಿಂದ ತೆಗೀತೀನಿ ಅಂತ. ಕಾಲು ಇರ್ತದೋ ಇಲ್ವೋ ಗೊತ್ತಿಲ್ಲ, ಅವಳಿಗೆ ಟೀಮಿನ ಚಿಂತೆ.” ಕಾಫಿ ಲೋಟ ಕೈಯಲ್ಲೇ ತಿರುಗಿಸಿದ. “ಆ ಕಾನೂನು ಮಾಡಿದ್ದು ನಾನಲ್ವಾ? ಕಾನೂನು ಇಲ್ಲದಿದ್ರೆ ಕದ್ದು ಬರ್ತಿರ್ಲಿಲ್ಲ. ನಂದೂ ಉಂಟು ಇದರಲ್ಲಿ.”

ಅವನು ಹಾಗೆ ತನ್ನ ಮೇಲೆ ಎಳೆದುಕೊಂಡದ್ದು ನೋಡಿ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಹನ್ನೊಂದು ವರ್ಷದ ಮಾತು ಜಾರಿಬಿಟ್ಟಿತು.

“ನಿನ್ನ ಮೊಣಕಾಲೂ ನಾನೇ ಕೆಡಿಸಿದ್ದಾ?”

ಅವನು ಲೋಟ ಕೆಳಗಿಟ್ಟ.

“ಗೊತ್ತಿಲ್ಲ ಅವ್ವ. ಇಲ್ಲಿಗೆ ಬರೋ ಮೊದಲೇ ಕ್ಲಬ್ಬಿನವರು ಅದಕ್ಕೆ ನೋವು ತಿಳಿಯದ ಹಾಗೆ ಸೂಜಿ ಚುಚ್ಚಿ ಚುಚ್ಚಿ ಆಡಿಸಿದ್ರು. ಅದರಿಂದ ಹೋಯ್ತಾ, ನೀನು ತಿಕ್ಕಿದ್ದರಿಂದ ಹೋಯ್ತಾ... ಡಾಕ್ಟ್ರಿಗೆ ಗೊತ್ತಿತ್ತೇನೋ. ನಾನು ಕೇಳ್ಲಿಲ್ಲ.”

“ಯಾಕೆ ಕೇಳ್ಲಿಲ್ಲ?”

“ಹೇಳಿಬಿಟ್ರೆ ಅಂತ.”

ಅಷ್ಟು ಹೇಳಿ ಎದ್ದು ದನಕ್ಕೆ ಹುಲ್ಲು ಹಾಕಲು ಹೋದ. ಬಲಗಾಲು ಮೆಟ್ಟಿಲು ಇಳಿಯುವಾಗ ಯಾವಾಗಲೂ ಒಂದು ಕ್ಷಣ ನಿಂತು ಯೋಚನೆ ಮಾಡುತ್ತದೆ. ಅವತ್ತೂ ಮಾಡಿತು.

ಮಂಗಳವಾರ ಬೆಳಿಗ್ಗೆ ಏಳರ ಬಸ್ಸು ಹತ್ತಿದೆ. ಗಿರೀಶ ಇನ್ನೂ ಎದ್ದಿರಲಿಲ್ಲ, ಕಾಲೇಜಿಲ್ಲದವನು ಎದ್ದು ಏನು ಮಾಡುತ್ತಾನೆ. ಪ್ರಿನ್ಸಿಪಾಲರ ಹತ್ತಿರ ಹೋಗಿ ಹೇಳಿ ಬರುವುದು ಅಂತ ಹೊರಟದ್ದು. ಪ್ರಿನ್ಸಿಪಾಲರಿಗೆ ನಾನು ಹೆದರುವವಳಲ್ಲ. ಹೆಡ್‌ಮಾಸ್ತರರನ್ನೇ ಒದ್ದವಳು. ಬಸ್ಸು ಇಳಿದ ಮೇಲೆ ತಿಳಿಯಿತು, ಹೆದರಿಕೆ ಇರುವ ಕಡೆ ಮೊದಲು ಹೋಗದಿದ್ದರೆ ಆಮೇಲೆ ಹೋಗುವುದೇ ಇಲ್ಲ ಅಂತ. ಆಸ್ಪತ್ರೆ ಕಡೆ ತಿರುಗಿದೆ.

ಸೆಲ್ವಿ ಬಾಗಿಲಲ್ಲೇ ಸಿಕ್ಕಿದಳು. ಮುಖ ಅರಳಿತ್ತು.

“ಅಮ್ಮಾ! ಬೆರಳು ಆಡಿಸಿದಳು! ಡಾಕ್ಟ್ರು ಸೂಜಿ ಚುಚ್ಚಿದ್ರೆ ಮೂರು ಬೆರಳಿಗೆ ಗೊತ್ತಾಯ್ತು. ಎರಡಕ್ಕೆ ಇನ್ನೂ ಇಲ್ಲ. ಆದ್ರೂ ಕಾಲು ಉಳಿಯುತ್ತೆ ಅಂದ್ರಮ್ಮ!”

ಗೋಡೆ ಹಿಡಿದುಕೊಂಡೆ. ಕಾಲು ಉಳಿಯಿತು. ಇನ್ನು ಯಾರು ಕಟ್ಟಿದ್ದು ಅಂತ ಯಾರು ಕೆದಕುತ್ತಾರೆ. ಸೆಲ್ವಿ ಖುಷಿಯಲ್ಲಿದ್ದಾಳೆ, ನಾಲ್ಕು ದಿನದಲ್ಲಿ ಸಿಟ್ಟು ಇಳಿಯುತ್ತದೆ, ಗಿರೀಶ ಹೇಗೋ ನಿಭಾಯಿಸುತ್ತಾನೆ. ಮನೆಗೆ ಹೋಗುವ ಬಸ್ಸು ಕೆಳಗೆ ಸ್ಟಾಂಡಿನಲ್ಲಿ ನಿಂತೇ ಇತ್ತು. ಇವೆಲ್ಲ ನನ್ನ ತಲೆಯಲ್ಲಿ ಬಂದವು, ಸಾಲಾಗಿ. ಬರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ.

“ಸೆಲ್ವಿ” ಅಂದೆ. “ಕಟ್ಟಿದ್ದು ನನ್ನ ಮಗ ಅಲ್ಲ. ಭಾನುವಾರ ನಿನ್ನ ಮಗಳು ನಮ್ಮನೆಗೆ ಬಂದಳು. ನಾನು ಕಟ್ಟಿದೆ. ಮೂಳೆ ಸೀಳಿದೆ ಅಂತ ಗೊತ್ತಾಗಿಯೂ ಕಟ್ಟಿದೆ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಗು ಮುಖದಲ್ಲೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು.

“ಸಾರ್ ಹೌದು ಅಂದ್ರಲ್ಲ.”

“ಸುಳ್ಳು ಹೇಳಿದ. ಅವನಿಗೆ ಹಿಟ್ಟು ಕಲಸಲಿಕ್ಕೂ ಬರಲ್ಲ.”

“ಸೋಮವಾರ ನಾನು ನಿಮ್ಮ ಕೈ ಹಿಡಿದು ಅಳ್ತಾ ಕೂತಿದ್ದೆ.”

“ಹೌದು.”

“ನೀವು ಕಾಫಿ ಕುಡಿದ್ಯಾ ಅಂದ್ರಿ.”

“ಹೌದು.”

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಸುಲಭ ಇತ್ತು. ಅವಳು ವಾರ್ಡಿನೊಳಗೆ ಹೋದಳು. ಮಗಳ ಹೊದಿಕೆ ಸರಿಮಾಡಿದಳು, ಪಕ್ಕದ ಹಾಸಿಗೆಯವರಿಗೆ ಏನೋ ಹೇಳಿದಳು, ಚಪ್ಪಲಿ ಹಾಕಿಕೊಂಡು ಹೊರಗೆ ಬಂದಳು. ನನ್ನ ಮುಖ ನೋಡಲಿಲ್ಲ.

“ಪ್ರಿನ್ಸಿಪಾಲ್ ಎಷ್ಟು ಗಂಟೆಗೆ ಬರ್ತಾರೆ?”

“ಹತ್ತಕ್ಕೆ.”

“ನಡೀರಿ. ಇದೇ ಮಾತು ಅಲ್ಲಿ ಹೇಳಿ. ನಾನೂ ಕೇಳ್ತೀನಿ.”

ಕಾಲೇಜಿಗೆ ಏರುವ ದಾರಿ ನಿಮಗೆ ಗೊತ್ತಲ್ಲ, ಮಡಿಕೇರಿಯಲ್ಲಿ ಎಲ್ಲಿಗೆ ಹೋಗಬೇಕಾದರೂ ಏರು. ಅವಳು ಮುಂದೆ, ನಾನು ಹಿಂದೆ. ನನಗೆ ಉಸಿರು ಸಾಲುತ್ತಿರಲಿಲ್ಲ. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ನಾನೂ ಸ್ವಲ್ಪ ನಿಲ್ಲು ಅನ್ನಲಿಲ್ಲ.